ಹಾಲಾಮೆಯ ಬೆಡಗು

ಸರಗೂರಿನಿಂದ ಕೆಳಗೆ ಕಪಿಲೆ ಒಂದು ಕಡೆ ಮೊಣಕೈ ಮಡಿಸಿದಂತೆ ಬಾಗುತ್ತದೆ. ಬಾಗಿದಲ್ಲಿ ಮಡು, ಮಡುವಿನ ಪಕ್ಕದಲ್ಲಿ ಮರಳದಿಣ್ಣೆ, ದಿಣ್ಣೆಯ ಹಿಂದೆ ಮಡುವಿನಹುಂಡಿ ಎಂಬ ಊರು. ಆ ಊರಿನ ಒಂದು ವಂಶದವರು ಆಮೆಯನ್ನು ತಿನ್ನುವುದಿಲ್ಲ, ಹೊಡೆಯುವುದಿಲ್ಲ. ಬಲೆಗೆ ಬಿದ್ದರೆ ಬೆನ್ನಿಗೆ ಅರಿಶಿನ ಹಚ್ಚಿ ಮತ್ತೆ ನೀರಿಗೆ ಬಿಡುತ್ತಾರೆ. ಏಕೆಂದು ಕೇಳಿದರೆ ಒಂದು ಕಥೆ ಹೇಳುತ್ತಾರೆ. ಹೊಳೆ ಉಕ್ಕಿ ಬಂದ ಒಂದು ವರ್ಷ ಆ ವಂಶದ ಮೂಲತಾಯಿ ಎಳೆಗೂಸನ್ನು ಎತ್ತಿಕೊಂಡು ನಡುನೀರಿನಲ್ಲಿ ಸಿಕ್ಕಿಕೊಂಡಳಂತೆ. ಆಗ ಕೆಳಗಿನಿಂದ ಒಂದು ಆಮೆ ಎದ್ದು ಬೆನ್ನು ಕೊಟ್ಟಿತಂತೆ. ಆ ಬೆನ್ನು ಹಾಸಿದ ಕಂಬಳಿಯ ಹಾಗಿತ್ತಂತೆ. ದಡ ಮುಟ್ಟುವ ತನಕ ಕೂಸಿಗೆ ಎಚ್ಚರವೇ ಆಗಲಿಲ್ಲವಂತೆ. ಸರಗೂರಿನ ಪೇಟೆಯಲ್ಲಿ ಕೇಳಿದರೆ ಕೂಸು ಗಂಡು ಎನ್ನುತ್ತಾರೆ, ಮಡುವಿನಹುಂಡಿಯ ಹೆಂಗಸರು ಹೆಣ್ಣು ಎನ್ನುತ್ತಾರೆ. ಕಂಬಳಿಯ ಮಾತನ್ನು ಮಾತ್ರ ಯಾರೂ ಬಿಡುವುದಿಲ್ಲ.

ಅಂದಿನಿಂದ ಅವರದು ಆಮೆ ಬೆಡಗು. ಬೆಡಗೆಂದರೆ ವಂಶದ ಗುರುತು. ಒಂದೇ ಬೆಡಗಿನವರು ಎಲ್ಲೇ ಹುಟ್ಟಿರಲಿ, ಒಬ್ಬರನ್ನೊಬ್ಬರು ಕಂಡೇ ಇರದಿರಲಿ, ಒಡಹುಟ್ಟಿದವರ ಲೆಕ್ಕ. ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ.

ಈ ಕಟ್ಟಳೆಯನ್ನು ಕಾಯುವ ಯಜಮಾನಿಕೆ ಶಿವನಂಜಪ್ಪನದಾಗಿತ್ತು. ತಲೆ ಪೂರ್ತಿ ನರೆತಿದ್ದರೂ ಬೆನ್ನು ಬಾಗದ ಆಳು. ಮಾತು ಕಡಿಮೆ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಊರು ನೋಡಿರಲಿಲ್ಲ. ಸ್ವಂತ ತಮ್ಮನ ಮಗನಿಗೆ ನಿಶ್ಚಯವಾಗಿದ್ದ ಸಂಬಂಧವನ್ನು ಬೆಡಗು ಒಂದೇ ಎಂದು ತಿಳಿದ ಕೂಡಲೇ ಬಿಡಿಸಿದವನು ಅವನೇ. ಅಂಥವನ ಮನೆಯಲ್ಲೇ, ಎರಡು ಸಾವಿರದ ಎರಡನೆಯ ಇಸವಿಯ ಮಾಘಮಾಸದಲ್ಲಿ, ಅದೇ ತೊಡಕು ಬಂದು ಕುಳಿತಿತು.

ಮೊಮ್ಮಗಳು ಸೌಂದರ್ಯ ಹುಣಸೂರಿನಲ್ಲಿ ಟಿ.ಸಿ.ಎಚ್. ಓದಿ ಮುಗಿಸಿದ್ದಳು. ಪಿರಿಯಾಪಟ್ಟಣದ ಕಡೆಯ ಕಟ್ಟೆಕೊಪ್ಪಲಿನಿಂದ ಗಂಡು ತಂದವನು ದಳ್ಳಾಳಿ ಕಂಠಪ್ಪ. ಹುಡುಗ ನಟರಾಜು, ಪಂಪ್‌ಸೆಟ್ಟು ರಿಪೇರಿಯ ಅಂಗಡಿ ಇಟ್ಟವನು. ಹುಡುಗಿಯನ್ನು ನೋಡಲು ಬಂದ ದಿನ, ಕಾಫಿ ಕುಡಿದು ಸುಮ್ಮನೆ ಎದ್ದು ಹೋಗದೆ, ಹಿತ್ತಿಲಲ್ಲಿ ಕೆಟ್ಟು ನಿಂತಿದ್ದ ಮೋಟಾರನ್ನು ಬಿಚ್ಚಿ ಸರಿಮಾಡಿ ನೀರು ಚಿಮ್ಮಿಸಿದ್ದ. ಬೋಲ್ಟು ಬಿಚ್ಚುವ ಪಾನ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ ಸೌಂದರ್ಯಳ ಅರ್ಧ ಮೈ ನೆಂದಿತ್ತು, ಪೂರ್ತಿ ಮನಸ್ಸು ಒಪ್ಪಿತ್ತು.

ಶಿವನಂಜಪ್ಪ ಕಂಠಪ್ಪನನ್ನು ಮೊದಲೇ ಕೇಳಿದ್ದ. "ಅವರದು ಯಾವ ಬೆಡಗ್ಲಾ?"

"ಕೂರ್ಮ ಅಂತೆ ಕಣಣ್ಣ."

ಕೂರ್ಮ ಎಂಬ ಬೆಡಗನ್ನು ಶಿವನಂಜಪ್ಪ ಕೇಳಿರಲಿಲ್ಲ. ಕೇಳದ್ದಾದರೆ ಬೇರೆಯದೇ ಆಯಿತಲ್ಲ ಎಂದು ನೆಮ್ಮದಿಯಾದ. ವೀಳ್ಯಶಾಸ್ತ್ರದ ದಿನ ತಟ್ಟೆ ಬದಲಾಯಿಸುವ ಹೊತ್ತಿನಲ್ಲಿ ಹುಡುಗನ ಅಜ್ಜಿ ಸಾಕಮ್ಮ, ಶಿವನಂಜಪ್ಪನ ಹೆಂಡತಿ ಮರಮ್ಮನ ಕಡೆ ವಾಲಿ, "ನಮ್ಮಲ್ಲಿ ಮದ್ವೆ ದಿನ ಅಕ್ಕಿಹಿಟ್ನಾಗೆ ಆಮೆ ಮಾಡಿ ಹಸೆ ಮುಂದೆ ಇಕ್ತೀವಿ ಕಣವ್ವ, ಮರೀಬ್ಯಾಡಿ," ಎಂದಳು.

ಮರಮ್ಮನ ಮುಖ ಅರಳಿತು. "ಅಯ್ಯೋ, ನಾವೂ ಇಕ್ತೀವಲ್ಲವ್ವ!" ಎಂದಳು. ಎಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಜಗಲಿಯ ಮಾತು ಒಂದೊಂದಾಗಿ ನಿಂತಿತು.

ಕಟ್ಟೆಕೊಪ್ಪಲಿನವರಲ್ಲಿ ಒಬ್ಬರು ಮೇಷ್ಟ್ರಾಗಿದ್ದರಂತೆ. ಆಮೆ ಎಂದರೆ ಹಳ್ಳಿಗಾಡಿನ ಮಾತೆಂದು ಲಗ್ನಪತ್ರಿಕೆಯಲ್ಲಿ 'ಕೂರ್ಮ' ಎಂದು ಅಚ್ಚು ಹಾಕಿಸಿದರಂತೆ. ಅಂದಿನಿಂದ ಅವರು ಕೂರ್ಮದವರಾದರಂತೆ. ಎಲ್ಲರ ಕಣ್ಣೂ ದಳ್ಳಾಳಿಯ ಮೇಲೆ ಬಿತ್ತು.

"ಕೂರ್ಮ ಅಂದ್ರೆ ಆಮೆ ಅಂತ ನಂಗೇನ್ ಕನಸು ಬಿದ್ದಿತ್ತಾ?" ಎಂದು ಕಂಠಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಬಿತ್ತನೆ ಕೂರಿಗೆ ಇರ್ಬೇಕು, ಬಾಯಿ ತಿರುಗ್ದೆ ಅಂಗಂತಾರೆ ಅಂದ್ಕಂಡಿದ್ದೆ ಕಣ್ರಪ್ಪ."

ನಗಬಾರದ ಹೊತ್ತಿನಲ್ಲಿ ಒಬ್ಬಿಬ್ಬರು ನಕ್ಕರು. ಶಿವನಂಜಪ್ಪ ನಗಲಿಲ್ಲ. ತಾಂಬೂಲದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. ಬಂದವರು ಊಟ ಮಾಡಿಕೊಂಡೇ ಹೋದರು, ಆದರೆ ನೆಂಟರಾಗಿ ಹೋಗಲಿಲ್ಲ.

ಸೌಂದರ್ಯ ಅಳಲಿಲ್ಲ. ಪಾತ್ರೆಗಳನ್ನು ಮಾತ್ರ ಸದ್ದಾಗುವಂತೆ ಇಡತೊಡಗಿದಳು. ಒಂದು ಬೆಳಗ್ಗೆ ತಾತನ ಮುಂದೆ ಮುದ್ದೆಯ ತಟ್ಟೆ ಇಟ್ಟು, "ತಾತ, ಒಂದು ಮಾತು. ಅವರು ನಂಗೆ ಅಣ್ಣನ ತರ ಕಾಣಿಸ್ಲಿಲ್ಲ," ಎಂದು ಒಳಗೆ ಹೋದಳು.

"ಕೇಳುಸ್ತಾ?" ಎಂದಳು ಮರಮ್ಮ. "ನಿನ್ ಕಟ್ಲೆ ಗೋಡೆ ಮ್ಯಾಲೆ ಬರ್ಕಂಡು ನೋಡ್ತಾ ಕುಂತ್ಕೊ. ಆ ಎಣ್ಣು ಇಂಗೇ ತಪ್ಪಲೆ ಕುಕ್ತಾ ಇರ್ಲಿ."

ಶಿವನಂಜಪ್ಪನಿಗೆ ಅವರೆಕಾಳಿನ ಸಾರು ರುಚಿಸಲಿಲ್ಲ. ಮೊಮ್ಮಗಳ ಮೇಲೆ ಅವನಿಗೆ ಪ್ರಾಣ. ಆದರೆ ತಮ್ಮನ ಮಗನಿಗೆ ಒಂದು ನ್ಯಾಯ, ತನ್ನ ಮೊಮ್ಮಗಳಿಗೆ ಒಂದು ನ್ಯಾಯ ಎಂದರೆ ಬೆಡಗಿನ ಯಜಮಾನಿಕೆಗೆ ಅರ್ಥವೇನು? ಈ ಎರಡರ ನಡುವೆ ಅವನು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದ. ಅದೇ ವಾರದಲ್ಲಿ ಮಡುವಿನ ದಡಕ್ಕೆ ರಾಧಾ ಬಂದಳು.

ರಾಧಾ ಮೈಸೂರಿನವಳು, ಮೂವತ್ತರ ಆಸುಪಾಸು. ಸರಗೂರಿನಲ್ಲಿ ಒಂದು ಕೋಣೆ ಹಿಡಿದು, ಹೊಳೆ ಕೆರೆಗಳ ಆಮೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮಡುವಿಗೆ ಇಳಿಯಬೇಕಾದರೆ ಯಜಮಾನರ ಅಪ್ಪಣೆ ಬೇಕೆಂದು ಯಾರೋ ಹೇಳಿದ್ದರು. ಮನೆಮುಂದಿನ ಹಲಸಿನ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ ಶಿವನಂಜಪ್ಪನ ಮುಂದೆ ಬಂದು ಕೈಮುಗಿದಳು.

"ಆಮೆ ಹಿಡ್ದು ಏನ್ ಮಾಡ್ತೀಯವ್ವ?"

"ಅಳತೆ ತಗೊಂಡು, ಕಾಲ್ಬೆರಳ ನಡುವಿನ ಪೊರೆಯಿಂದ ಸಾಸಿವೆಕಾಳಿನಷ್ಟು ಚರ್ಮ ತೆಗೆದು, ಹಾಗೇ ಬಿಟ್ಟುಬಿಡ್ತೀನಿ ಯಜಮಾನ್ರೇ. ಆ ಚರ್ಮ ಪರೀಕ್ಷೆ ಮಾಡಿದ್ರೆ ಯಾವ ಆಮೆ ಯಾವುದಕ್ಕೆ ಹತ್ತಿರದ ಸಂಬಂಧ, ಯಾವುದಕ್ಕೆ ದೂರದ ಸಂಬಂಧ ಅಂತ ಗೊತ್ತಾಗುತ್ತೆ. ಯಾವ ಕುಲ ಎಷ್ಟು ಉಳಿದಿದೆ, ಯಾವುದು ಅಳಿದುಹೋಗೋ ಹಾಗಿದೆ, ಅದನ್ನೂ ನೋಡ್ತೀನಿ."

"ಸಂಬಂಧ ನೋಡದಾ?" ಶಿವನಂಜಪ್ಪ ಹಗ್ಗ ಕೆಳಗಿಟ್ಟ. "ನಮ್ ಕಂಠಪ್ಪನ ಕೆಲ್ಸ ಅನ್ನು. ಅವ್ನಗಿಂತ ನೀನೇ ವಾಸಿ, ಚರ್ಮ ನೋಡಿ ಏಳ್ತೀಯ. ಅವನು ಕೂರಿಗೆ ನೋಡಿ ಏಳ್ತಾನೆ."

ಏನೆಂದು ಅರ್ಥವಾಗದಿದ್ದರೂ ರಾಧಾ ನಕ್ಕಳು. ತಾನು ಈತನಕ ಕಂಡ ಆಮೆಗಳ ಫೋಟೊಗಳನ್ನು ಚೀಲದಿಂದ ತೆಗೆದು ಕಲ್ಲಿನ ಮೇಲೆ ಹರಡಿದಳು. ಶಿವನಂಜಪ್ಪ ಒಂದರ ಮೇಲೆ ಬೆರಳಿಟ್ಟ. ಕಪ್ಪನೆಯ, ಗುಡ್ಡದ ಹಾಗೆ ಉಬ್ಬಿದ ಚಿಪ್ಪು, ಅದರ ಮೇಲೆ ಹಂಚು ಹೊದೆಸಿದಂತೆ ಚೌಕಗಳು.

"ಇದು ಕಲ್ಲಾಮೆ. ಬಾವಿ ಕಟ್ಟೆಯಾಗೆ ಇರ್ತದೆ. ಇದ್ರ ಬೆನ್ನಿಗ್ಯಾರು ಅರಿಶಿನ ಹಚ್ಚಿದೋರು?"

"ಅದು ಪಿರಿಯಾಪಟ್ಟಣದ ಕಡೆ, ಕಟ್ಟೆಕೊಪ್ಪಲು ಅಂತ ಊರು. ಅಲ್ಲಿಯವರು ಅದನ್ನ ಪೂಜೆ ಮಾಡ್ತಾರೆ."

ಶಿವನಂಜಪ್ಪನ ಬೆರಳು ಫೋಟೊದ ಮೇಲೆಯೇ ನಿಂತಿತು. ಅವನ ಬೆಡಗಿನವರು ಅರಿಶಿನ ಹಚ್ಚುವುದು ಈ ಕಲ್ಲುಬೆನ್ನಿನದಕ್ಕಲ್ಲ. ಮಡುವಿನ ಆಮೆ ಬೇರೆ: ರೊಟ್ಟಿಯ ಹಾಗೆ ಚಪ್ಪಟೆ, ಬೆನ್ನು ತೊಗಲಿನಂತೆ ಮೆತ್ತಗೆ, ಮೂಗು ಊದುಗೊಳವೆಯ ಹಾಗೆ ಉದ್ದ, ಹೊಟ್ಟೆ ಹಾಲಿನಂತೆ ಬಿಳುಪು. ಆದರೆ ಎರಡನ್ನೂ ಆಮೆ ಎಂದೇ ಕರೆಯುತ್ತಾರೆ. ಹೆಸರು ಒಂದಾದ ಮೇಲೆ ಬೆಡಗು ಒಂದಲ್ಲವೇ? ಅಲ್ಲದಿದ್ದರೆ? ಎದೆಯೊಳಗೆ ಏನೋ ಹಗುರಾಗಿ ಮೇಲೆದ್ದಿತು. ಅದನ್ನು ಅವನೇ ಕೆಳಕ್ಕೆ ಒತ್ತಿಕೊಂಡ. ಬೇಕೆಂದದ್ದು ಕಣ್ಣಿಗೆ ಬಿದ್ದಾಗಲೇ ಕಣ್ಣನ್ನು ನಂಬಬಾರದು ಎಂಬುದು ಅವನು ಕಲಿತ ಪಾಠವಾಗಿತ್ತು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮರಮ್ಮ ಮೆಲ್ಲನೆ ಅಂದಳು: "ನಮ್ಮತ್ತೆ ಆಮೆ ಬೆಡಗು ಅಂತಿರ್ನಿಲ್ಲ. 'ಆಲಾಮೆ' ಅಂತಿದ್ರು. ಅಲ್ಲಿಲ್ದ ಬಾಯಿ, ತೊದಲ್ತಾರೆ ಅಂದ್ಕಂಡಿದ್ದೆ."

"ಆಲಾಮೆ ಅಂದ್ರೆ... ಹಾಲಾಮೆ!" ರಾಧಾ ಎದ್ದು ನಿಂತಳು. "ಮೆತ್ತನೆ ಚಿಪ್ಪಿನದನ್ನ ಹೊಳೆದಂಡೆಯ ಬೆಸ್ತರು ಹಾಗೇ ಕರೀತಾರೆ."

ಆ ಸೀಮೆಯ ನಾಲಗೆ ಹಕಾರವನ್ನು ಹೊರಗೇ ಬಿಟ್ಟು ಒಳಗೆ ಬರುತ್ತದೆ. ಹಾಲಾಮೆ ಆಲಾಮೆಯಾಯಿತು, ಆಲಾಮೆ ಸವೆದು ಆಮೆಯಾಯಿತು. ಶಿವನಂಜಪ್ಪ ಫೋಟೊದ ಮೇಲಿಂದ ಬೆರಳು ತೆಗೆದ. ಆಮೇಲೆ ಹೆಂಡತಿಗೆ, "ನಾಳೆ ಕಟ್ಟೆಕೊಪ್ಪಲಿಗೆ ಓಗವ. ಎಣ್ಣು ಕೊಡಕ್ಕಲ್ಲ, ಕೇಳಕ್ಕೆ," ಎಂದ. ರಾಧಾಳಿಗೆ, "ನೀನೂ ಬಾ ಮಗ. ಆದ್ರೆ ನಾನು ಅನ್ನೋಗಂಟ ಬಾಯಿ ಬುಡಬ್ಯಾಡ," ಎಂದ.

ಎಚ್.ಡಿ.ಕೋಟೆಗೆ ಒಂದು ಬಸ್ಸು, ಹುಣಸೂರಿಗೆ ಇನ್ನೊಂದು, ಪಿರಿಯಾಪಟ್ಟಣಕ್ಕೆ ಮತ್ತೊಂದು. ಕಟ್ಟೆಕೊಪ್ಪಲು ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನು ಮನೆಗಳು ಕೆಲಸ ಮುಗಿಸಿ ತಣ್ಣಗೆ ನಿಂತಿದ್ದವು. ಅಲ್ಲಿಯ ಬೆಡಗಿನ ಹಿರಿಯ ವೀರಭದ್ರಸ್ವಾಮಿ, ಹಿಂದೆ ಸರಿದ ತಾಂಬೂಲವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಕಾಲಿಗೆ ನೀರು ಕೊಡಿಸಿದ. ನಟರಾಜು ಕುರ್ಚಿ ತಂದಿಟ್ಟು, ಕೂರಲು ಧೈರ್ಯವಾಗದೆ ಕಂಬಕ್ಕೆ ಒರಗಿದ.

ಶಿವನಂಜಪ್ಪ ತಾನು ಬಂದ ಕಾರಣವನ್ನು ಹೇಳಲಿಲ್ಲ. ತನ್ನ ಕಡೆಯ ಕಥೆಯನ್ನೂ ಹೇಳಲಿಲ್ಲ. "ನಿಮ್ ಬೆಡಗಿನ ಕಥೆ ಏಳಿ ಸ್ವಾಮಿ, ಕೇಳವ," ಎಂದಷ್ಟೇ ಕೇಳಿದ.

ವೀರಭದ್ರಸ್ವಾಮಿ ಗಂಟಲು ಸರಿಮಾಡಿಕೊಂಡ. ಅವನು ಹೇಳಿದ ಕಥೆಯಲ್ಲಿ ಹೊಳೆಯೇ ಇರಲಿಲ್ಲ. ಪಾಳೆಯಗಾರನ ಕುದುರೆಯವರು ಅಟ್ಟಿಸಿಕೊಂಡು ಬಂದಾಗ ಅವರ ಮೂಲಪುರುಷ ಬತ್ತಿದ ಕಟ್ಟೆಗೆ ಇಳಿದನಂತೆ. ಅಲ್ಲಿ ಒಂದು ಆಮೆ ತನ್ನ ಚಿಪ್ಪಿನ ಮನೆಯ ಬಾಗಿಲು ತೆರೆದು ಒಳಗೆ ಕರೆದು ಮುಚ್ಚಿಕೊಂಡಿತಂತೆ. ಕುದುರೆಗಳು ಬೆನ್ನಿನ ಮೇಲೆ ಹಾದು ಹೋದರೂ ಬಂಡೆಯ ಮೇಲೆ ಹೋದ ಹಾಗೆ ಗೊರಸು ಟಣ್ ಟಣ್ ಎಂದಿತಂತೆ, ಒಳಗಿದ್ದವನಿಗೆ ಕೂದಲೂ ಕೊಂಕಲಿಲ್ಲವಂತೆ.

ಮರಮ್ಮ ಗಂಡನ ಪಕ್ಕೆಗೆ ತಿವಿದಳು. ಅವನು ಅಲುಗಲಿಲ್ಲ.

"ಕಥೆ ಬಾಯಿಂದ ಬಾಯಿಗೆ ಬದಲಾಯ್ತದೆ," ಎಂದ. "ಕೈ ಸುಳ್ಳೇಳಲ್ಲ. ಇಟ್ಟು ಕಲಸ್ರವ್ವ. ಇಬ್ರೂ ಒಂದೊಂದ್ ಆಮೆ ಮಾಡಿ. ಬೆನ್ನಿಗೆ ಬೆನ್ ಆಕ್ಕಂಡು ಕೂತ್ಕಳಿ, ಒಬ್ರುದ್ ಒಬ್ರು ನೋಡಂಗಿಲ್ಲ."

"ಪರೀಕ್ಸೇಲಿ ಕಾಪಿ ಒಡೀಬಾರ್ದು ಅಂತ ಕೂರ್ಸ್ದಂಗಾಯ್ತು!" ಎಂದು ಸಾಕಮ್ಮ ನಕ್ಕಳು. "ನಾನು ಇಸ್ಕೂಲು ಮೆಟ್ಲು ಅತ್ತಿಲ್ಲ ಕಣವ್ವ ಮರಮ್ಮ, ಪೇಲಾದ್ರೆ ನಗಬ್ಯಾಡ."

ಇಬ್ಬರು ಮುದುಕಿಯರು ಪಡಸಾಲೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತರು. ಹಿಟ್ಟು ನಾದುವ ಸದ್ದು, ಬಳೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಶಿವನಂಜಪ್ಪ ನೆಲ ನೋಡುತ್ತಿದ್ದ. ಎರಡೂ ಒಂದೇ ಬಗೆಯಾಗಿ ಬಂದರೆ ಈ ಮಾತನ್ನು ಇಲ್ಲಿಗೇ ಕೈಬಿಟ್ಟು, ಇದೇ ಬಸ್ಸುಗಳಲ್ಲಿ ಹಿಂದಿರುಗಿ, ಸೌಂದರ್ಯಳಿಗೆ ಇಲ್ಲ ಎಂದು ಹೇಳಬೇಕು. ಹೇಳುತ್ತೇನೆ ಎಂದು ಬಸ್ಸಿನಲ್ಲೇ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ.

"ಆಯ್ತು," ಎಂದಳು ಮರಮ್ಮ. "ತಡಿ, ಗೆರೆ ಎಳೀಬೇಕು," ಎಂದಳು ಸಾಕಮ್ಮ.

ಗೆರೆ ಎಂಬ ಮಾತು ಕಿವಿಗೆ ಬಿದ್ದೊಡನೆ ಶಿವನಂಜಪ್ಪ ತಲೆ ಎತ್ತಿದ. ಅವನ ಮನೆಯಲ್ಲಿ ಹಿಟ್ಟಾಮೆಯ ಬೆನ್ನಿಗೆ ಯಾರೂ ಗೆರೆ ಎಳೆದದ್ದಿಲ್ಲ. ಉಗುರು ತಾಗಿದರೂ ಅಪಶಕುನ, ಮತ್ತೆ ನಾದಿ ಹೊಸದು ಮಾಡುತ್ತಾರೆ. ಸಾಕಮ್ಮ ಕಡ್ಡಿಯೊಂದನ್ನು ತೆಗೆದುಕೊಂಡು ಚೌಕಾಬಾರದ ಮನೆಗಳಂತೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಮಣೆಯ ಮೇಲಿಟ್ಟಳು. ಪಕ್ಕಕ್ಕೆ ಮರಮ್ಮನದನ್ನು ಇಟ್ಟರು. ಒಂದು ಗುಡ್ಡದಂತೆ ಉಬ್ಬಿ, ಮೈತುಂಬ ಚೌಕ, ಮೊಂಡು ಮೂಗು. ಇನ್ನೊಂದು ಅಕ್ಕಿರೊಟ್ಟಿಯಂತೆ ಚಪ್ಪಟೆ, ನುಣ್ಣನೆಯ ಬೆನ್ನು, ಅಕ್ಕಿಕಾಳು ಅಂಟಿಸಿದ ಉದ್ದನೆಯ ಮೂಗು.

"ಇದ್ಯಾವ ಸೀಮೆ ಆಮೆಯವ್ವ?" ಎಂದಳು ಸಾಕಮ್ಮ ಮರಮ್ಮನದನ್ನು ನೋಡಿ. "ಯಾರೋ ತುಳ್ದಂಗದೆ!"

"ನಿಂದೇನು, ಬಿದ್ರು ಮಂಕ್ರಿ ಬೋರಲಾಕ್ದಂಗದೆ!"

ಶಿವನಂಜಪ್ಪ ರಾಧಾಳ ಕಡೆ ತಿರುಗಿದ. "ಈಗ ಏಳು ಮಗ. ಇವೆರಡೂ ಒಂದೇ ಬೆಡಗಾ?"

"ಅಲ್ಲ," ಎಂದಳು ರಾಧಾ. "ಈ ಚೌಕದ ಬೆನ್ನಿನದು ಒಂದು ವಂಶ, ಈ ಮೆತ್ತನೆ ಬೆನ್ನಿನದು ಇನ್ನೊಂದು. ಹೆಸರೊಂದೇ. ವಂಶ ಬಹಳ ಹಿಂದೆಯೇ ಬೇರೆಯಾಗಿದೆ."

ಕಂಬದ ಹತ್ತಿರ ನಟರಾಜು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಆದರೆ ವೀರಭದ್ರಸ್ವಾಮಿ ಸುಲಭದಲ್ಲಿ ಬಿಡುವವನಾಗಿರಲಿಲ್ಲ. ಅವನೂ ಒಂದು ಬೆಡಗಿಗೆ ಹಿರಿಯನೇ.

"ಬೇರೆ ಆಯ್ತು ಅಂದ್ರಿ. ಅಂದ್ರೆ ಅದಕ್ಕೂ ಮುಂಚೆ ಒಂದೇ ಇತ್ತು ಅಂತಾಯ್ತಲ್ಲವ್ವ?"

ರಾಧಾ ಶಿವನಂಜಪ್ಪನ ಮುಖ ನೋಡಿದಳು. ಇಲ್ಲ ಎಂದರೆ ಎಲ್ಲವೂ ಸಲೀಸು ಎಂಬುದು ಅವಳಿಗೂ ತಿಳಿದಿತ್ತು. ಅವನು ಸನ್ನೆ ಏನೂ ಮಾಡಲಿಲ್ಲ.

"ಹೌದು," ಎಂದಳು. "ಒಂದು ಕಾಲದಲ್ಲಿ ಎರಡಕ್ಕೂ ಒಂದೇ ತಾಯಿ."

"ಯಾವ ಕಾಲ?"

"ಹತ್ತು ಕೋಟಿ ವರ್ಷಕ್ಕಿಂತಲೂ ಹಿಂದೆ."

ವರ್ಷ ಎಷ್ಟಾದರೇನು, ಬೆಡಗಿಗೆ ವಾಯಿದೆ ಇಲ್ಲ. ಹಗುರಾಗಿ ಎದ್ದಿದ್ದ ಆಸೆ ಮತ್ತೆ ತಳಕ್ಕೆ ಇಳಿಯುವುದು ಶಿವನಂಜಪ್ಪನಿಗೆ ತಿಳಿಯಿತು. ಆಗ ಸಾಕಮ್ಮ ಹಿಟ್ಟಿನ ಕೈ ಝಾಡಿಸಿಕೊಂಡು ಕೇಳಿದಳು:

"ಅದ್ಕೂ ಇಂದ್ಕೆ ಓದ್ರೆ, ಮಗ?"

"ಇನ್ನೂ ಹಿಂದಕ್ಕೆ ಹೋದ್ರೆ ಆಮೆ, ಹಕ್ಕಿ, ಹಾವು ಎಲ್ಲಕ್ಕೂ ಒಂದೇ ಅಜ್ಜಿ. ಅದಕ್ಕೂ ಹಿಂದಕ್ಕೆ ಹೋದ್ರೆ ನಾವೂ ಅವುಗಳ ಜೊತೆ ಸೇರ್ತೀವಿ."

"ನಾವೂವಾ? ಕೋಳಿನೂ ನಮ್ ನೆಂಟ್ರಾ?" ಸಾಕಮ್ಮ ಬಾಯಿ ಮೇಲೆ ಕೈಯಿಟ್ಟಳು. "ಸರಿ ಬುಡು. ಅಂಗ್ ಲೆಕ್ಕ ಇಡ್ಕಂಡು ಓದ್ರೆ ನಾನೂ ನಮ್ಮೆಜಮಾನ್ರೂ ಕೂಡ್ಬಾರ್ದಾಗಿತ್ತು. ಲೋಕ್ದಾಗೆ ಯಾರ್ಗೂ ಮದ್ವೆನೇ ಇಲ್ಲ. ವೀರಭದ್ರಣ್ಣ, ನಿಂಗಿರೋ ಆರ್ ಮಕ್ಳನ್ನ ಎಲ್ಲಿಡ್ತೀಯ?"

ಮೊದಲು ನಕ್ಕವನು ವೀರಭದ್ರಸ್ವಾಮಿಯೇ. ನಗು ಅಡಗುವ ತನಕ ಕಾದು ಶಿವನಂಜಪ್ಪ ಮಾತಾಡಿದ. ಅವನು ಅಂದು ಆಡಿದ ಮಾತನ್ನು ಎರಡೂ ಊರಿನವರು ಅಕ್ಷರ ತಪ್ಪದೆ ಹೇಳುತ್ತಾರೆ.

"ಬೆಡಗು ಅನ್ನದು ಅದ್ರ ಅಜ್ಜಿ ಯಾರು ಅಂತ ಅಲ್ಲ ಸ್ವಾಮಿ. ನಮ್ಮನ್ನ ಕಾದಿದ್ದು ಯಾವ್ದು ಅಂತ. ನಿಮ್ಮನ್ನ ಕಾದಿದ್ದು ಕಲ್ಲು ಬೆನ್ನು, ನಮ್ಮನ್ನ ಒತ್ತದ್ದು ಕಂಬಳಿ ಬೆನ್ನು. ಋಣ ಬ್ಯಾರೆ, ಬೆಡಗೂ ಬ್ಯಾರೆ. ನಮ್ದು ಆಲಾಮೆ. ಆ ಎಸರು ಕಳ್ಕಂಡಿದ್ದು ನಾವು."

ವೀರಭದ್ರಸ್ವಾಮಿ ಒಳಗೆ ಕೂಗಿ ಎಲೆಯಡಿಕೆಯ ತಟ್ಟೆ ತರಿಸಿದ. ನಟರಾಜು ಆಗ ಕುರ್ಚಿಯಲ್ಲಿ ಕುಳಿತ.

ಮದುವೆ ಮಡುವಿನಹುಂಡಿಯಲ್ಲೇ ಆಯಿತು. ತನ್ನ ಪಾಲಿನ ತಪ್ಪಿಗೆಂದು ಕಂಠಪ್ಪ ಹಸೆಯ ಚಪ್ಪರಕ್ಕೆ ಸೊಪ್ಪು ಹೊತ್ತ. ಅದಕ್ಕೂ ಮೊದಲು ಮಡುವಿಗೆ ಇಳಿದ ರಾಧಾಳಿಗೆ ಒಂದು ಹಾಲಾಮೆ ಸಿಕ್ಕಿತ್ತು. ಕತ್ತು ಹೊರಳಿಸಿ ಕಚ್ಚಲು ಬಂದ ಅದನ್ನು ಒದ್ದೆ ಗೋಣಿಯಲ್ಲಿ ಹಿಡಿದುಕೊಂಡು ಅವಳು ಮಗುವಿನಂತೆ ಕುಣಿದಿದ್ದಳು. ಹೊಳೆಯುದ್ದಕ್ಕೂ ಎಷ್ಟೋ ಮಡುಗಳನ್ನು ಬರಿಗೈಯಲ್ಲಿ ದಾಟಿ ಬಂದಿದ್ದಳಂತೆ. ಕೆಲವು ಕಡೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಾರೆ. ಕೆಲವು ಕಡೆ ಅದು ಮೊಟ್ಟೆ ಹೂಳುವ ಮರಳೇ ಲಾರಿಯೇರಿ ಹೋಗಿದೆ. "ಇದು ಅಳಿವಿನ ಕಡೆ ಹೊರಟಿರೋ ವಂಶ ಯಜಮಾನ್ರೇ. ನಿಮ್ಮ ಮಡುವಿನಲ್ಲಿ ಇನ್ನೂ ಇರೋದು ನಿಮ್ಮ ಕಟ್ಟಳೆಯಿಂದ. ಆದ್ರೆ ದಿಣ್ಣೆಯ ಮರಳು ತೆಗೆದ್ರೆ ಕಟ್ಟಳೆ ಇದ್ದೂ ಉಪಯೋಗವಿಲ್ಲ," ಎಂದಿದ್ದಳು.

ಶಿವನಂಜಪ್ಪ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಧಾರೆಯಾದ ಮೇಲೆ ಎರಡೂ ಬೆಡಗಿನವರು ಸೇರಿದ್ದಾಗ ಎದ್ದು ನಿಂತು, ದಿಣ್ಣೆಯ ಮರಳನ್ನು ಇನ್ನು ಯಾರೂ ಗಾಡಿಗೆ ತುಂಬಬಾರದು ಎಂದ. ಅದು ಹಾಲಾಮೆಯ ಬಾಣಂತಿಮನೆ. ಬಾಣಂತಿಮನೆಯ ಗೋಡೆ ಕೀಳುವವನು ಮನುಷ್ಯನಲ್ಲ ಎಂದ. ಎರಡು ಗಾಡಿ ಮರಳಿಗೆ ಕಣ್ಣು ಹಾಕಿದ್ದ ತಮ್ಮನ ಮಗನೂ ತಲೆಯಾಡಿಸಿದ. ವೀರಭದ್ರಸ್ವಾಮಿ, ತಮ್ಮ ಸೊಸೆಯ ತವರಿನ ಮಡುವಿಗೆ ತಮ್ಮ ಕಡೆಯವರೂ ಜವಾಬ್ದಾರರು ಎಂದ.

ಹೊರಡುವ ಹೊತ್ತಿಗೆ ರಾಧಾ ಸೌಂದರ್ಯಳಿಗೆ, "ನಿನ್ನೆ ತನಕ ಹಾಲಾಮೆ, ಇವತ್ತಿಂದ ಕಲ್ಲಾಮೆ. ಹತ್ತು ಕೋಟಿ ವರ್ಷದಲ್ಲಿ ಯಾವ ಆಮೆಗೂ ಆಗದ್ದನ್ನ ನೀನು ಒಂದು ತಾಳಿಯಲ್ಲಿ ಮಾಡಿಬಿಟ್ಟೆ," ಎಂದಳು. ಸೌಂದರ್ಯ ನಾಚಿಕೆ ಮರೆತು ನಕ್ಕಳು.

ಹಸೆಯ ಮುಂದೆ ಇಟ್ಟ ಹಿಟ್ಟಾಮೆಯನ್ನು ಮಾರನೆಯ ಬೆಳಗ್ಗೆ ನೀರಿಗೆ ಬಿಡುವುದು ಪದ್ಧತಿ. ಗೆರೆಯಿದ್ದದ್ದು ಹೆಣ್ಣಿನ ಜೊತೆ ಕಟ್ಟೆಕೊಪ್ಪಲಿನ ಕಟ್ಟೆಗೆ ಹೋಯಿತು. ಗೆರೆಯಿಲ್ಲದ್ದನ್ನು ಮುತ್ತುಗದ ಎಲೆಯಲ್ಲಿಟ್ಟುಕೊಂಡು ಶಿವನಂಜಪ್ಪ ಮಡುವಿಗೆ ಬಂದ. ಮರಮ್ಮ ಹಿಂದೆಯೇ ಬಂದಳು. ಎಲೆ ತೇಲಿತು, ತಿರುಗಿತು. ಅಷ್ಟರಲ್ಲಿ ನೀರಿನಿಂದ ಊದುಗೊಳವೆಯಂಥ ಮೂಗೊಂದು ಮೇಲೆ ಬಂತು. ಇಬ್ಬರೂ ಕೈಮುಗಿದರು. ಮೂಗು ಎಲೆಯ ಹತ್ತಿರ ಬಂತು, ಮೂಸಿತು, ಕತ್ತು ಚಾಚಿ ಹಿಟ್ಟಾಮೆಯ ಒಂದು ಕಾಲನ್ನು ಕಚ್ಚಿಕೊಂಡು ಮುಳುಗಿತು.

"ಅಯ್ಯಯ್ಯೋ, ಆಮೇನ ಆಮೆ ತಿಂತು!" ಎಂದಳು ಮರಮ್ಮ. "ಇದ್ಕೇನಾದ್ರೂ ಕಟ್ಲೆ ಅದಾ?"

ಶಿವನಂಜಪ್ಪ ಯೋಚಿಸಿದ. ಹಿರಿಯರು ಅದರ ಬಗ್ಗೆ ಏನೂ ಹೇಳಿಹೋಗಿರಲಿಲ್ಲ.

"ತಿನ್ಲಿ ಬುಡು," ಎಂದ. "ಮದ್ವೆ ಮನೆ ಊಟ."

ಉಳಿದ ಮೂರು ಕಾಲಿಗಾಗಿ ಮೂಗು ಮತ್ತೆ ಮೇಲೆ ಬಂದಿತು.